ಫ್ರಿಜ್ ಲೇಬಲ್ ಒಂದು ಹೇಳುತ್ತದೆ, ಮೀಟರ್ ಇನ್ನೊಂದು: ಯಾವುದನ್ನು ನಂಬಬೇಕು?

ಓದುಗರ ಪ್ರಶ್ನೆ: ನಾವು ಮೂಲತಃ ಧಾರವಾಡದವರು. ಬಹಳ ವರ್ಷ ಪುಣೆಯ ಕೋಥರೂಡಿನಲ್ಲಿದ್ದು ಈ ಫೆಬ್ರವರಿಯಲ್ಲಿ ಮುಂಬೈ ಬಳಿಯ ಡೊಂಬಿವಲಿಗೆ ಬಂದೆವು. 2019ರಲ್ಲಿ ಕೊಂಡ 250 ಲೀಟರಿನ, ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಫ್ರಿಜ್ ನಮ್ಮೊಂದಿಗೇ ಬಂದಿದೆ. ಅದರ ಲೇಬಲ್ ಮೇಲೆ ವರ್ಷಕ್ಕೆ 219 ಯೂನಿಟ್ ಎಂದು ಬರೆದಿದೆ. ಮಗ ಪ್ಲಗ್‌ಗೆ ಸಿಕ್ಕಿಸುವ ಸಣ್ಣ ಮೀಟರ್ ಒಂದನ್ನು ತಂದಿದ್ದಾನೆ. ಪುಣೆಯಲ್ಲಿ ಡಿಸೆಂಬರ್ ತಿಂಗಳಿಗೆ ಅದು 14 ಯೂನಿಟ್ ತೋರಿಸಿತ್ತು, ಇಲ್ಲಿ ಮೇ ತಿಂಗಳಿಗೆ 38 ತೋರಿಸಿದೆ. ಮಗ ಫ್ರಿಜ್‌ನ ಹಿಂಬದಿಯ ಫಲಕದಲ್ಲಿದ್ದ 1.2 ಆಂಪಿಯರ್ ಅನ್ನು 230 ವೋಲ್ಟ್‌ನಿಂದಲೂ 24 ಗಂಟೆಯಿಂದಲೂ ಗುಣಿಸಿ, ತಿಂಗಳಿಗೆ 199 ಯೂನಿಟ್ ಬರಬೇಕು ಎನ್ನುತ್ತಾನೆ. ಯಾವ ಲೆಕ್ಕ ಸರಿ? ಇಲ್ಲಿ ಅಡುಗೆಮನೆ ಚಿಕ್ಕದು. ಫ್ರಿಜ್ ಅನ್ನು ಮೂರು ಕಡೆ ಮುಚ್ಚಿದ ಗೂಡಿನಲ್ಲಿ, ಒಲೆಯ ಪಕ್ಕದಲ್ಲೇ ಇಟ್ಟಿದ್ದೇವೆ. ಅಂಗಡಿಯವರ ಮಾತಿನ ಮೇಲೆ ಸ್ಟೆಬಿಲೈಸರ್ ಕೂಡ ಹಾಕಿಸಿದೆವು. ಮಗಳು ಪದೇ ಪದೇ ಬಾಗಿಲು ತೆಗೆಯುವುದರಿಂದಲೇ ಬಿಲ್ ಏರಿದೆ ಎಂದು ಮನೆಯಲ್ಲಿ ದಿನವೂ ಜಗಳ. ರಾತ್ರಿ ಆಫ್ ಮಾಡಿ ಎನ್ನುತ್ತಾರೆ ನೆರೆಯವರು. ಹುಳಿ, ಸಾರು ಪೂರ್ತಿ ಆರುವವರೆಗೆ ಒಳಗಿಡಬೇಡಿ ಎನ್ನುತ್ತಾರೆ ಅತ್ತೆ. ಹೊಸ ಐದು ನಕ್ಷತ್ರದ ಫ್ರಿಜ್ ಕೊಳ್ಳುವುದೇ ಲೇಸೇ?

ಉತ್ತರ: ಒಂದೇ ಯಂತ್ರಕ್ಕೆ ನಾಲ್ಕು ಅಂಕಿಗಳು ಸಿಕ್ಕಿವೆ. ಅವುಗಳಲ್ಲಿ ಯಾವುದು ಸುಳ್ಳು, ಮನೆಯಲ್ಲಿ ಯಾರು ತಪ್ಪಿತಸ್ಥರು ಎಂಬುದು ನಿಮ್ಮ ಚಿಂತೆ. ನೀವು ಕೊಟ್ಟ ವಿವರಗಳನ್ನು ಕೂಡಿಸಿ ಕಳೆದು ನೋಡಿದೆ. 14 ಮತ್ತು 38 ಎರಡೂ ನಿಜವಾದ ಅಂಕಿಗಳು, ಲೇಬಲ್ ಕೂಡ ಸುಳ್ಳು ಹೇಳಿಲ್ಲ. ತಪ್ಪಿರುವುದು ಮಗನ 199 ಮಾತ್ರ. ಮಗಳ ಬಾಗಿಲಿಗೂ ನಿಮ್ಮ ಬಿಲ್ಲಿಗೂ ಇರುವ ಸಂಬಂಧ ತೀರ ಸಣ್ಣದು. ಇದನ್ನು ದಯವಿಟ್ಟು ಇಂದೇ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ.

ಮಗನ ಲೆಕ್ಕ ಎಲ್ಲಿ ತಪ್ಪಿತು? ಫಲಕದ ಮೇಲಿನ ಆಂಪಿಯರ್ ಯಂತ್ರ ಎಳೆದುಕೊಳ್ಳಬಹುದಾದ ಅತಿ ಹೆಚ್ಚಿನ ವಿದ್ಯುತ್ತನ್ನು ಸೂಚಿಸುತ್ತದೆ. ವೈರು, ಸಾಕೆಟ್ಟು, ಫ್ಯೂಸು ಎಷ್ಟು ತಾಳಬೇಕು ಎಂದು ತಿಳಿಸಲು ಅದನ್ನು ಬರೆಯುತ್ತಾರೆ. ಫ್ರಾಸ್ಟ್-ಫ್ರೀ ಫ್ರಿಜ್‌ನಲ್ಲಿ ಹಿಮ ಕರಗಿಸುವ ಹೀಟರ್ ಒಂದಿರುತ್ತದೆ. ಅದು ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಕೆಲಸ ಮಾಡಿದರೂ ಅದರ ಭಾರ ಈ ಅಂಕಿಯಲ್ಲಿ ಸೇರಿರುತ್ತದೆ. ನಿಮ್ಮ ಗಾತ್ರದ ಫ್ರಿಜ್‌ನ ಕಂಪ್ರೆಸರ್ ಓಡುವಾಗ ಸಾಮಾನ್ಯವಾಗಿ 80ರಿಂದ 100 ವಾಟ್ ಎಳೆಯುತ್ತದೆ, ಅದೂ ದಿನವಿಡೀ ಅಲ್ಲ. ತಂಪು ಸಾಕಾದಾಗ ನಿಲ್ಲುತ್ತದೆ, ಬೇಕಾದಾಗ ಮತ್ತೆ ಏಳುತ್ತದೆ. ಎಷ್ಟು ಹೊತ್ತು ಓಡಬೇಕು ಎಂಬುದನ್ನು ಒಳಗೆ ನುಗ್ಗುವ ಶಾಖ ತೀರ್ಮಾನಿಸುತ್ತದೆ. ಆದ್ದರಿಂದ ಲೆಕ್ಕವನ್ನು ಆಂಪಿಯರ್‌ನಿಂದ ಹಿಡಿಯದೆ ಶಾಖದಿಂದ ಹಿಡಿಯಬೇಕು.

ಫ್ರಿಜ್ ತಂಪನ್ನು ತಯಾರಿಸುವುದಿಲ್ಲ. ಒಳಗೆ ಸೇರಿದ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ, ಅಷ್ಟೆ. ನಿಮ್ಮಂಥ ಫ್ರಿಜ್‌ನಲ್ಲಿ ಕೆಳಗಿನ ಭಾಗ 4 ಡಿಗ್ರಿ, ಮೇಲಿನ ಫ್ರೀಜರ್ ಸೊನ್ನೆಗಿಂತ 18 ಡಿಗ್ರಿ ಕೆಳಗಿದ್ದು ಕೋಣೆ 32 ಡಿಗ್ರಿ ಇದ್ದರೆ, ಗೋಡೆಯ ಫೋಮ್ ಮತ್ತು ಬಾಗಿಲಿನ ರಬ್ಬರಿನ ಮೂಲಕ ಸುಮಾರು 40 ವಾಟ್ ಶಾಖ ಸದಾ ಒಳಕ್ಕೆ ಹರಿಯುತ್ತಿರುತ್ತದೆ. ಹಳೆಯ 40 ವಾಟಿನ ಬಲ್ಬೊಂದು ಒಳಗೆ ಹಗಲೂ ರಾತ್ರಿ ಉರಿಯುತ್ತಿರುವಂತೆ ಎಂದುಕೊಳ್ಳಿ. ಕಂಪ್ರೆಸರ್ ತಾನು ಉಣ್ಣುವ ಪ್ರತಿ ಒಂದು ಪಾಲು ವಿದ್ಯುತ್ತಿಗೆ ಒಂದೂವರೆ ಪಾಲಿಗಿಂತ ತುಸು ಹೆಚ್ಚು ಶಾಖವನ್ನು ಹೊರಹಾಕುತ್ತದೆ. ಹಾಗಾಗಿ ಆ 40 ವಾಟ್ ಹೊರಗೆ ಹೋಗಲು ಸರಾಸರಿ 25 ವಾಟ್ ವಿದ್ಯುತ್ ಬೇಕು. ಅಂದರೆ ದಿನಕ್ಕೆ 0.6 ಯೂನಿಟ್, ವರ್ಷಕ್ಕೆ 219. ಲೇಬಲ್ಲಿನ ಅಂಕಿಯೂ ಅದೇ.

ಲೇಬಲ್ ಪರೀಕ್ಷೆಯನ್ನು ಹೀಗೆಯೇ ಮಾಡುತ್ತಾರೆ. ಅಂಥ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ. ಉಷ್ಣತೆಯನ್ನು ಬಿಗಿಯಾಗಿ ಹಿಡಿದಿಟ್ಟ ಕೋಣೆ, ಸುತ್ತಲೂ ನಿಗದಿಪಡಿಸಿದ ಜಾಗ, ಮುಚ್ಚಿದ ಬಾಗಿಲು. ಹಾಲು ಇಡುವವರಿಲ್ಲ, ದೋಸೆ ಹಿಟ್ಟು ತೆಗೆಯುವವರಿಲ್ಲ. ಐಇಸಿ 62552 ಎಂಬ ಅಂತರರಾಷ್ಟ್ರೀಯ ಮಾನದಂಡದ 2015ರ ಆವೃತ್ತಿ 16 ಮತ್ತು 32 ಡಿಗ್ರಿ ಕೋಣೆಗಳಲ್ಲಿ ಅಳೆಯಲು ಹೇಳುತ್ತದೆ. ಅಲ್ಲಿಯೂ ಮೂಲ ಅಳತೆ ಬಾಗಿಲು ಮುಚ್ಚಿಯೇ ನಡೆಯುತ್ತದೆ. ಇದನ್ನು ಮೋಸ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಂಗಡಿಯಲ್ಲಿ ಅಕ್ಕಪಕ್ಕ ನಿಂತ ಎರಡು ಫ್ರಿಜ್‌ಗಳನ್ನು ಹೋಲಿಸಲು ಎಲ್ಲದಕ್ಕೂ ಒಂದೇ ಷರತ್ತು ಇರಬೇಕು, ಲೇಬಲ್ ಇರುವುದು ಆ ಹೋಲಿಕೆಗೆ. ನಿಮ್ಮ ಮನೆಯ ಬಿಲ್ಲನ್ನು ಮುಂಚಿತವಾಗಿ ಹೇಳುವುದು ಅದರ ಕೆಲಸವಲ್ಲ.

ಈಗ ನಿಮ್ಮ ಎರಡು ಊರುಗಳ ಲೆಕ್ಕ.

ಡಿಸೆಂಬರಿನ ಕೋಥರೂಡಿನಲ್ಲಿ ಅಡುಗೆಮನೆ ಹಗಲು ರಾತ್ರಿ ಸೇರಿ ಸರಾಸರಿ 22 ಡಿಗ್ರಿ ಇತ್ತು ಎಂದು ಹಿಡಿಯೋಣ. ಒಳಕ್ಕೆ ಹರಿಯುವ ಶಾಖ 40 ವಾಟಿನಿಂದ ಸುಮಾರು 28ಕ್ಕೆ ಇಳಿಯುತ್ತದೆ. ಇಳಿತ ಅಲ್ಲಿಗೇ ನಿಲ್ಲುವುದಿಲ್ಲ. ಶಾಖವನ್ನು ಎಷ್ಟು ತಂಪಿನಿಂದ ಎಷ್ಟು ಬಿಸಿಯವರೆಗೆ ಎತ್ತಬೇಕೋ ಆ ಎತ್ತರ ಕಡಿಮೆಯಾದಷ್ಟೂ ಪ್ರತಿ ಪಾಲು ವಿದ್ಯುತ್ತಿಗೆ ಹೆಚ್ಚು ಶಾಖ ಹೊರಬೀಳುತ್ತದೆ. ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿ ಉಗಿಯಂತ್ರಗಳ ಬಗ್ಗೆ ಬರೆಯುತ್ತ ತೋರಿಸಿಕೊಟ್ಟ ಮಿತಿ ಇದು. ಯಾವ ಕಂಪನಿಯ ಯಾವ ಕಂಪ್ರೆಸರ್ ಕೂಡ ಇದನ್ನು ಮೀರಲಾರದು. ಹೀಗೆ ಶಾಖವೂ ಕಡಿಮೆ, ಎತ್ತುವ ಶ್ರಮವೂ ಕಡಿಮೆ. ಎರಡೂ ಒಂದನ್ನೊಂದು ಗುಣಿಸಿ ಬಾಗಿಲು ಮುಚ್ಚಿದ ಫ್ರಿಜ್‌ನ ಖರ್ಚು ದಿನಕ್ಕೆ 0.36 ಯೂನಿಟ್‌ಗೆ ಬರುತ್ತದೆ. ತಿಂಗಳಿಗೆ 11. ಮನೆಯ ಬಳಕೆಗೆ ಇನ್ನೊಂದು 3 ಸೇರಿಸಿದರೆ ನಿಮ್ಮ 14 ಸಿಕ್ಕಿತು.

ಮೇ ತಿಂಗಳ ಡೊಂಬಿವಲಿಯಲ್ಲಿ ಇದೇ ಗುಣಾಕಾರ ತಿರುಗಿಬೀಳುತ್ತದೆ. ಅಡುಗೆಮನೆ 33 ಡಿಗ್ರಿ, ಮುಚ್ಚಿದ ಗೂಡಿನೊಳಗಿನ ಗಾಳಿ 38. ಇಂದಿನ ಹಲವು ಫ್ರಿಜ್‌ಗಳಿಗೆ ಹಿಂದೆ ಕಾಣುತ್ತಿದ್ದ ಕಪ್ಪು ಜಾಲರಿ ಇಲ್ಲ. ಶಾಖ ಬಿಡುವ ಕೊಳವೆಗಳನ್ನು ಪಕ್ಕದ ತಗಡಿನ ಒಳಮೈಗೇ ಅಂಟಿಸಿರುತ್ತಾರೆ. ಪಕ್ಕ ಬಿಸಿಯಾಗುತ್ತಿದೆ, ಕೆಟ್ಟಿದೆಯೇ ಎಂದು ಕೇಳುವವರು ಬಹಳ. ಬಿಸಿಯಾಗುವುದು ಸರಿಯಾದ ಲಕ್ಷಣ. ಆ ಬಿಸಿಗೆ ಹೋಗಲು ದಾರಿ ಇಲ್ಲದಿರುವುದು ತಪ್ಪು. ನಿಮ್ಮ ಗೂಡಿನಲ್ಲಿ ಫ್ರಿಜ್ ತಾನು ಹೊರಹಾಕಿದ ಶಾಖದಲ್ಲೇ ನಿಂತಿದೆ, ಪಕ್ಕದಲ್ಲಿ ಒಲೆ ಬೇರೆ. ಬಾಗಿಲನ್ನು ಒಮ್ಮೆಯೂ ತೆರೆಯದಿದ್ದರೂ ಇಲ್ಲಿ ಅದು ತಿಂಗಳಿಗೆ ಸುಮಾರು 22 ಯೂನಿಟ್ ಉಣ್ಣುತ್ತದೆ.

ಬಳಕೆಯ ಪಾಲನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಜಗಳವಿರುವುದು ಇಲ್ಲಿಯೇ. ಬಾಗಿಲು ತೆರೆದಾಗ ಒಳಗಿನ 150 ಲೀಟರ್ ತಂಪು ಗಾಳಿ ಪೂರ್ತಿ ಸುರಿದುಹೋಗಿ ಹೊರಗಿನ ಗಾಳಿ ತುಂಬಿತು ಎಂದೇ ಹಿಡಿಯೋಣ. ವಾಸ್ತವದಲ್ಲಿ ಅಷ್ಟು ಹೋಗುವುದಿಲ್ಲ, ಆದರೂ ಕೆಟ್ಟದ್ದನ್ನೇ ಲೆಕ್ಕ ಹಾಕೋಣ. ಆ ಗಾಳಿಯನ್ನು 30ರಿಂದ 5 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ 4.5 ಕಿಲೋಜೌಲ್. ಮುಂಬೈ ಸೀಮೆಯ ತೇವದ ಗಾಳಿಯಾದ್ದರಿಂದ ಅದರಲ್ಲಿ ಹೆಚ್ಚುವರಿಯಾಗಿ ಎರಡೂವರೆ ಗ್ರಾಂ ನೀರಾವಿ ಇರುತ್ತದೆ. ಅದನ್ನು ನೀರಾಗಿಸಲು ಇನ್ನೂ 6.5 ಕಿಲೋಜೌಲ್. ಗಾಳಿಗಿಂತ ಆವಿಯ ಪಾಲೇ ದೊಡ್ಡದು ಎಂಬುದನ್ನು ಗಮನಿಸಿ. ಪುಣೆಯ ಏಪ್ರಿಲ್ ಮಧ್ಯಾಹ್ನದ ಒಣಗಾಳಿಯಲ್ಲಿ ಈ ಆವಿಯ ಪಾಲು ಒಂದು ಕಿಲೋಜೌಲ್ ಆಸುಪಾಸಿನಲ್ಲೇ ಮುಗಿದುಬಿಡುತ್ತದೆ. ಕರಾವಳಿಯವರಿಗೆ ಬಾಗಿಲು ತೆರೆಯುವುದು ನಿಜಕ್ಕೂ ಹೆಚ್ಚು ದುಬಾರಿ. ಆದರೆ ಎಷ್ಟು ದುಬಾರಿ? ಎರಡೂ ಸೇರಿ 11 ಕಿಲೋಜೌಲ್, ಅದಕ್ಕೆ ತಗಲುವ ವಿದ್ಯುತ್ ಎರಡು ವಾಟ್-ಗಂಟೆ (ಸಾವಿರ ವಾಟ್-ಗಂಟೆಗೆ ಒಂದು ಯೂನಿಟ್). ಮನೆಮಂದಿಯೆಲ್ಲ ಸೇರಿ ದಿನಕ್ಕೆ 40 ಬಾರಿ ತೆರೆದರೂ ತಿಂಗಳಿಗೆ ಎರಡೂವರೆ ಯೂನಿಟ್. ಅದರಲ್ಲಿ ಮಗಳದು 10 ಬಾರಿ ಎಂದರೆ ಮುಕ್ಕಾಲು ಯೂನಿಟ್ಟೂ ಆಗಲಿಲ್ಲ. ಯೂನಿಟ್‌ಗೆ 10 ರೂಪಾಯಿ ಹಿಡಿದರೂ ಏಳು ರೂಪಾಯಿಯೊಳಗಿನ ಮಾತು. ಮಗುವೊಂದು ಹಸಿದು ಫ್ರಿಜ್ ತೆಗೆಯಲು ಅಂಜುವಂತೆ ಮಾಡುವುದಕ್ಕೆ ಇದು ಕಾರಣವಾಗಬಾರದು.

ಉಳಿದ ಬಳಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ 6 ಲೀಟರ್ ನೀರಿನ ಬಾಟಲಿ ತಂಪು ಮಾಡಿದರೆ ತಿಂಗಳಿಗೆ 3 ಯೂನಿಟ್. ಬಾಗಿಲಿಗಿಂತ ಇದೇ ಹೆಚ್ಚು. ಇಡ್ಲಿ ಹಿಟ್ಟು, ಹುಳಿ, ಹಾಲು ಎಂದು ದಿನಕ್ಕೆ 3 ಕಿಲೋ ಒಳಗೆ ಹೋದರೆ ಸುಮಾರು 2 ಯೂನಿಟ್. ತೇವ ಹೆಚ್ಚಿದ್ದರಿಂದ ಹಿಮ ಕರಗಿಸುವ ಹೀಟರ್‌ನ ಹೆಚ್ಚುವರಿ ಕೆಲಸಕ್ಕೆ ಒಂದೂವರೆ. ಬಾಗಿಲಿನದೂ ಸೇರಿ 9.

22 ಮತ್ತು 9 ಸೇರಿ 31 ಆಯಿತು. ಮೀಟರ್ ತೋರಿಸಿದ್ದು 38. ಆ ಏಳು ಯೂನಿಟ್ ಎಲ್ಲಿ ಹೋಯಿತು? ನನ್ನ ಅನುಮಾನ ಸ್ಟೆಬಿಲೈಸರ್ ಮೇಲೆ. ಅದರೊಳಗಿನ ಟ್ರಾನ್ಸ್‌ಫಾರ್ಮರ್, ಫ್ರಿಜ್ ಓಡುತ್ತಿರಲಿ ಬಿಡಲಿ, ದಿನವಿಡೀ ಬೆಚ್ಚಗಿರುತ್ತದೆ. ಆ ಬಿಸಿಗೆ 10 ವಾಟ್ ಹೋದರೆ ತಿಂಗಳಿಗೆ 7.2 ಯೂನಿಟ್. ಪರೀಕ್ಷಿಸುವುದು ಸುಲಭ: ಫ್ರಿಜ್‌ನ ಪ್ಲಗ್ ಕಿತ್ತು ಸ್ಟೆಬಿಲೈಸರ್ ಒಂದನ್ನೇ ಸ್ವಲ್ಪ ಹೊತ್ತು ಮೀಟರಿಗೆ ಹಾಕಿ, ವಾಟ್ ಎಷ್ಟೆಂದು ನೋಡಿ.

ಈ ಲೆಕ್ಕದಲ್ಲಿ ನಾನು ಊಹಿಸಿಕೊಂಡ ಅಂಕಿಗಳಿವೆ. ನಿಮ್ಮ ಮನೆಯ ನಿಜವಾದ ಅಂಕಿಗಳನ್ನು ನೀವೇ ಕಂಡುಕೊಳ್ಳಬಹುದು. ಮಗನಿಗೆ ಲೆಕ್ಕದಲ್ಲಿ ಆಸಕ್ತಿಯಿದೆಯಲ್ಲ, ಈ ಕೆಲಸ ಅವನಿಗೆ ಹಿಡಿಸುತ್ತದೆ. ರಾತ್ರಿ ಎಲ್ಲರೂ ಮಲಗುವಾಗ ಒಮ್ಮೆ, ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಒಮ್ಮೆ ಮೀಟರ್ ಬರೆದುಕೊಳ್ಳಲಿ. ಜೊತೆಗೆ ಫ್ರಿಜ್ ಪಕ್ಕದ ಗಾಳಿಯ ಉಷ್ಣತೆಯೂ ಇರಲಿ. ರಾತ್ರಿ ಗಂಟೆಗೆ ಸರಾಸರಿ ಎಷ್ಟಾಯಿತೋ ಅದು ಫ್ರಿಜ್‌ನ ಗೋಡೆಗಳ ಮೂಲಕ ನುಗ್ಗುವ ಶಾಖದ ಪಾಲು, ಸ್ಟೆಬಿಲೈಸರ್ ಇದ್ದರೆ ಅದರದೂ ಸೇರಿ. ಹಗಲಿನಲ್ಲಿ ಅದಕ್ಕಿಂತ ಹೆಚ್ಚಾದದ್ದು ಬಳಕೆಯ ಪಾಲು ಮತ್ತು ಹಗಲಿನ ಸೆಖೆಯ ಪಾಲು. ಒಂದು ರಾತ್ರಿಯ ಅಂಕಿಯನ್ನು ನಂಬಬೇಡಿ. ಹೀಟರ್ ಒಂದು ರಾತ್ರಿ ಓಡಿ ಇನ್ನೊಂದು ರಾತ್ರಿ ಓಡದೆ ಇರಬಹುದು, ಸಂಜೆ ಇಟ್ಟ ಹಿಟ್ಟು ನಡುರಾತ್ರಿಯವರೆಗೂ ತಣಿಯುತ್ತಿರಬಹುದು. ಹಲವು ರಾತ್ರಿಗಳ ಸರಾಸರಿ ಬೇಕು. ಮಳೆಗಾಲ ಕಳೆದು ಚಳಿಗಾಲ ಬರುವವರೆಗೆ ಇದನ್ನು ಆಗಾಗ ಮಾಡಿ ಉಷ್ಣತೆಯ ಎದುರು ಯೂನಿಟ್ ಗುರುತಿಸುತ್ತ ಹೋದರೆ ಮೇಲಕ್ಕೇರುವ ಗೆರೆಯೊಂದು ಮೂಡುತ್ತದೆ. ಅದು ನಿಮ್ಮ ಮನೆಯ, ನಿಮ್ಮ ಫ್ರಿಜ್‌ನ ಸ್ವಂತ ಲೇಬಲ್. ಮುಂದೊಂದು ದಿನ ಅದೇ 30 ಡಿಗ್ರಿಯಲ್ಲಿ ಅಂಕಿ ಗೆರೆಯಿಂದ ಮೇಲೆ ಜಿಗಿದರೆ ರಬ್ಬರು ಸಡಿಲಾಗಿದೆಯೆಂದೋ ಅನಿಲ ಸೋರುತ್ತಿದೆಯೆಂದೋ ಬಿಲ್ ಬರುವ ಮೊದಲೇ ತಿಳಿಯುತ್ತದೆ.

ಹಿರಿಯರ ಮತ್ತು ನೆರೆಯವರ ಮಾತುಗಳಿಗೆ ಬರುತ್ತೇನೆ. ಬಿಸಿ ಪದಾರ್ಥ ಒಳಗಿಟ್ಟರೆ ಖರ್ಚು ಹೆಚ್ಚು ಎಂಬುದರಲ್ಲಿ ಸತ್ಯವಿದೆ. ಆದರೆ ಎರಡು ಕಿಲೋ ಹುಳಿಯನ್ನು 60 ಡಿಗ್ರಿಯಲ್ಲಿ ಇಟ್ಟರೂ, ಕೋಣೆಯಷ್ಟು ಆರಿಸಿ ಇಟ್ಟರೂ ವ್ಯತ್ಯಾಸ 0.04 ಯೂನಿಟ್, ಅಂದರೆ 40 ಪೈಸೆ. ಅದಕ್ಕಾಗಿ ಮುಂಬೈಯ ಮೇ ತಿಂಗಳ ಸೆಖೆಯಲ್ಲಿ ಅನ್ನ, ಹುಳಿಯನ್ನು ಅರ್ಧ ದಿನ ಹೊರಗೆ ಬಿಡುವುದು ಅಪಾಯ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು, ಕೋಣೆ 32 ಡಿಗ್ರಿ ದಾಟಿದ್ದರೆ ಒಂದು ಗಂಟೆಗಿಂತ ಹೆಚ್ಚು, ಹೊರಗೆ ಇಡಬಾರದು ಎಂಬುದು ಆಹಾರ ಸುರಕ್ಷತೆಯ ಒಪ್ಪಿತ ನಿಯಮ. ಅಗಲ ಪಾತ್ರೆಗೆ ಸುರಿದು, ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿ ಕೂರಿಸಿದರೆ ಬೇಗ ಆರುತ್ತದೆ. ಕೈಗೆ ತಾಳುವಷ್ಟಾದ ಕೂಡಲೇ ಮುಚ್ಚಿ ಒಳಗಿಡಿ. ಮುಚ್ಚಳವನ್ನು ಮರೆಯಬೇಡಿ, ತೆರೆದ ಸಾರಿನಿಂದ ಏಳುವ ಆವಿಯೂ ಹಿಮವಾಗಿ ಹೀಟರ್‌ಗೆ ಕೆಲಸ ಕೊಡುತ್ತದೆ. ಅತ್ತೆಯವರಿಗೆ ಇದನ್ನು ಮರ್ಯಾದೆಯಿಂದ ವಿವರಿಸಿ. ಅವರ ಕಾಲದ ಫ್ರಿಜ್‌ಗಳಿಗೆ ಆ ಮಾತು ಹೆಚ್ಚು ಹೊಂದುತ್ತಿತ್ತು.

ರಾತ್ರಿ ಆಫ್ ಮಾಡುವುದು ಬೇಡವೇ ಬೇಡ. ಒಳಗೆ ಸ್ವಲ್ಪ ಬೆಚ್ಚಗಾದಾಗ ನುಗ್ಗುವ ಶಾಖ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಬೆಳಿಗ್ಗೆ ಎಲ್ಲವನ್ನೂ ಮತ್ತೆ ತಣಿಸಬೇಕು. ತಿಂಗಳಿಗೆ ಒಂದು ಯೂನಿಟ್ ಉಳಿದರೆ ಹೆಚ್ಚು. ಅಷ್ಟಕ್ಕಾಗಿ ಹಾಲು, ಮೊಸರು, ಔಷಧಗಳು ದಿನವೂ ಬೆಚ್ಚಗಾಗಿ ತಣಿಯುತ್ತಿರಬೇಕಾಗುತ್ತದೆ. ಫ್ರಿಜ್ ತುಂಬಿದ್ದರೆ ಖರ್ಚು ಕಡಿಮೆ ಎಂಬ ಮಾತೂ ಬಹುಪಾಲು ಹುರುಳಿಲ್ಲದ್ದು. ಸಾಕೆಟ್ಟಿಗೆ ಸಿಕ್ಕಿಸಿದರೆ ವಿದ್ಯುತ್ ಉಳಿಸುತ್ತದೆ ಎಂದು ಮಾರುವ ಪೆಟ್ಟಿಗೆಗಳ ಒಳಗಿರುವುದು ಸಾಮಾನ್ಯವಾಗಿ ಒಂದು ಕೆಪಾಸಿಟರ್. ಮನೆಯ ಬಿಲ್ಲು ಕಿಲೋವಾಟ್-ಗಂಟೆಯ, ಅಂದರೆ ಯೂನಿಟ್‌ನ, ಮೇಲೆ ಬರುವುದರಿಂದ ಅದರಿಂದ ಬಿಡಿಗಾಸೂ ಉಳಿಯುವುದಿಲ್ಲ.

ಏನು ಮಾಡಬಹುದು? ಮೊದಲು ಫ್ರಿಜ್ ಅನ್ನು ಗೂಡಿನಿಂದ ಹೊರಗೆ ತನ್ನಿ. ಎರಡೂ ಪಕ್ಕ ಮತ್ತು ಹಿಂದೆ ಹತ್ತು ಸೆಂಟಿಮೀಟರ್ ಬಿಡುವು, ಮೇಲೆ ಗಾಳಿ ಹೋಗಲು ದಾರಿ, ಒಲೆಯಿಂದ ದೂರ. ಡೊಂಬಿವಲಿಯ ಅಡುಗೆಮನೆಯಲ್ಲಿ ಇದು ಹೇಳುವಷ್ಟು ಸುಲಭವಲ್ಲ ಎಂದು ಗೊತ್ತು. ಹಾಲ್‌ನ ಮೂಲೆಗೆ ತಂದವರನ್ನು ನೋಡಿದ್ದೇನೆ, ರಾತ್ರಿಯ ಸದ್ದಿಗೆ ಒಗ್ಗಿಕೊಳ್ಳಬೇಕಾಗುತ್ತದೆ. ಅದೂ ಸಾಧ್ಯವಿಲ್ಲದಿದ್ದರೆ ಗೂಡಿನ ಮೇಲಿನ ಹಲಗೆಯನ್ನಾದರೂ ಬಡಗಿಯಿಂದ ತೆಗೆಸಿ, ಬಿಸಿಗಾಳಿ ತಾನಾಗಿಯೇ ಮೇಲೇರಿ ಹೋಗುತ್ತದೆ. ಸರಿಸುವಾಗ ಮಲಗಿಸಬೇಡಿ, ಕೊಳವೆ ಬಾಗದಂತೆ ನೋಡಿಕೊಳ್ಳಿ. ಈಚಿನ ಫ್ರಿಜ್‌ಗಳ ಕೊಳವೆಗಳಲ್ಲಿ ಹರಿಯುವ ಅನಿಲ ಹೆಚ್ಚಾಗಿ ಆರ್-600ಎ, ಅಂದರೆ ಐಸೊಬ್ಯೂಟೇನ್. ಪ್ರಮಾಣ ಹತ್ತಾರು ಗ್ರಾಂ ಮಾತ್ರವಾದರೂ ಬೆಂಕಿ ಹೊತ್ತಿಕೊಳ್ಳುವ ಅನಿಲ. ಅನಿಲ ತುಂಬಿಸುವ ಕೆಲಸವನ್ನು ತರಬೇತಿ ಇಲ್ಲದವರ ಕೈಗೆ ಕೊಡಬೇಡಿ.

ಸ್ಟೆಬಿಲೈಸರ್ ತೆಗೆಯುವ ಮುನ್ನ ಅದೇ ಸಣ್ಣ ಮೀಟರಿನಲ್ಲಿ ವೋಲ್ಟೇಜ್ ನೋಡಿ. ಸಂಜೆ ಏಳರಿಂದ ಹತ್ತರವರೆಗೆ, ಎಲ್ಲರ ಏಸಿ ಓಡುವ ಹೊತ್ತಿನಲ್ಲಿ, ಕೆಲವು ದಿನ ನೋಡಬೇಕು. ನಿಮ್ಮ ಫ್ರಿಜ್‌ನ ಕೈಪಿಡಿಯಲ್ಲಿ ಹೇಳಿದ ಮಿತಿಯೊಳಗೇ ಇದ್ದರೆ ಸ್ಟೆಬಿಲೈಸರ್ ಬೇಡ. ಮಿತಿ ದಾಟುತ್ತಿದ್ದರೆ ಇರಲಿ. ತಿಂಗಳಿಗೆ 70 ರೂಪಾಯಿ ಉಳಿಸಲು ಹೋಗಿ ಕಂಪ್ರೆಸರ್ ಸುಟ್ಟುಕೊಳ್ಳುವುದು ಜಾಣತನವಲ್ಲ.

ಮೂರನೆಯದು ತಂಪು ಹೊಂದಿಸಲು ತಿರುಗಿಸುವ ಗುಂಡಿ. ಬೇಸಿಗೆಯಲ್ಲಿ ಅದನ್ನು ಕೊನೆಗೆ ತಿರುಗಿಸಿ ಮರೆತುಬಿಡುವ ಮನೆಗಳೇ ಹೆಚ್ಚು. ಕೆಳಭಾಗ 2 ಡಿಗ್ರಿಯಿಂದ 4ಕ್ಕೆ, ಫ್ರೀಜರ್ −22ರಿಂದ −18ಕ್ಕೆ ಬಂದರೆ ಗೋಡೆಗಳ ಪಾಲಿನಲ್ಲಿ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಉಳಿಯುತ್ತದೆ. ಆದರೆ 5 ಡಿಗ್ರಿ ದಾಟಿದರೆ ಆಹಾರ ಕೆಡುವ ವೇಗ ಹೆಚ್ಚುತ್ತದೆ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಓದಿ, ಅಂದಾಜಿನ ಮೇಲೆ ತಿರುಗಿಸಬೇಡಿ. ಬಾಗಿಲಿನ ರಬ್ಬರನ್ನು ಸೋಪಿನ ನೀರಿನಲ್ಲಿ ಒರೆಸಿ, ಕಾಗದದ ಪಟ್ಟಿಯನ್ನು ನಡುವೆ ಸಿಕ್ಕಿಸಿ ಎಳೆದು ನೋಡಿ. ಎಲ್ಲಾದರೂ ಸಲೀಸಾಗಿ ಜಾರಿ ಬಂದರೆ ರಬ್ಬರು ಬದಲಿಸಿ. ಜುಲೈಯಲ್ಲಿ ಫ್ರಿಜ್‌ನ ಹೊರಮೈ ಬೆವರಿದರೆ ಮಾತ್ರ ಗಾಬರಿಯಾಗಬೇಡಿ. ಗಾಳಿ ಅಷ್ಟು ತೇವವಾಗಿರುವಾಗ ಸ್ವಲ್ಪ ತಣ್ಣಗಿರುವ ತಗಡಿನ ಮೇಲೂ ನೀರು ಕೂರುತ್ತದೆ. ಒಂದೇ ಜಾಗದಲ್ಲಿ, ಬಾಗಿಲಿನ ಅಂಚಿನಲ್ಲಿ, ಧಾರೆಯಾಗಿ ಇಳಿದರೆ ಮಾತ್ರ ರಬ್ಬರಿನ ದೋಷ.

ಇಷ್ಟು ಮಾಡಿದರೆ ಮುಂದಿನ ಮೇ ತಿಂಗಳಿಗೆ 38ರ ಬದಲು 25ರ ಆಸುಪಾಸು ಬರಬೇಕು. ಬಿಲ್ಲಿನಲ್ಲಿ ಇದರ ಬೆಲೆ ನೀವು ಯಾವ ಹಂತದಲ್ಲಿದ್ದೀರಿ ಎಂಬುದರ ಮೇಲಿದೆ. ಮಹಾರಾಷ್ಟ್ರದಲ್ಲಿ ಮನೆ ಬಳಕೆಗೆ 100, 300, 500 ಯೂನಿಟ್‌ಗಳ ಮೆಟ್ಟಿಲುಗಳಿವೆ. 300 ದಾಟಿದರೆ ಎಲ್ಲ ಯೂನಿಟ್‌ಗೂ ಹೆಚ್ಚಿನ ದರ ಬೀಳುತ್ತದೆ ಎಂಬ ಭಯ ಸರಿಯಲ್ಲ, ದಾಟಿದ ಯೂನಿಟ್‌ಗಳಿಗೆ ಮಾತ್ರ. ಆದರೆ ನೀವು ಉಳಿಸುವ ಯೂನಿಟ್‌ಗಳು ಯಾವಾಗಲೂ ತುತ್ತತುದಿಯ, ಅತಿ ದುಬಾರಿ ಮೆಟ್ಟಿಲಿನವು. ಅದರ ಮೇಲೆ ವಹನ ಆಕಾರ (ವಿದ್ಯುತ್ ಸಾಗಿಸುವ ಖರ್ಚು), ವಿದ್ಯುತ್ ಶುಲ್ಕ ಬೇರೆ ಕೂಡುತ್ತವೆ.

ಇನ್ನು ಹೊಸ ಫ್ರಿಜ್. ನನ್ನ ಉತ್ತರ: ಈಗ ಬೇಡ. ಮೇಲಿನ ದುರಸ್ತಿಗಳಾದ ಮೇಲೆ ನಿಮ್ಮದು ವರ್ಷದ ಸರಾಸರಿಯಲ್ಲಿ ತಿಂಗಳಿಗೆ 20 ಯೂನಿಟ್ ಉಣ್ಣುತ್ತದೆ ಎಂದುಕೊಳ್ಳಿ. ಇನ್ವರ್ಟರ್ ಕಂಪ್ರೆಸರ್‌ನ, ಅಂದರೆ ಬೇಕಾದಷ್ಟೇ ವೇಗದಲ್ಲಿ ಓಡಬಲ್ಲ ಕಂಪ್ರೆಸರ್‌ನ, ಹೊಸ ಫ್ರಿಜ್ ಅದರಲ್ಲಿ 7 ಯೂನಿಟ್ ಉಳಿಸಿದರೂ ವರ್ಷಕ್ಕೆ 840 ರೂಪಾಯಿ. ಹಾಕಿದ 30 ಸಾವಿರ ಹಿಂದಿರುಗುವ ಹೊತ್ತಿಗೆ ಆ ಫ್ರಿಜ್ಜೂ ಹಳತಾಗಿರುತ್ತದೆ. ಅದನ್ನೂ ಇದೇ ಗೂಡಿನಲ್ಲಿ ನಿಲ್ಲಿಸಿದರೆ ಆ 7 ಕೂಡ ಸಿಗದು. ಇನ್ವರ್ಟರ್‌ನ ಲಾಭವಿರುವುದು ನಿಧಾನವಾಗಿ ಬಹಳ ಹೊತ್ತು ಓಡುವುದರಲ್ಲಿ, ಬಿಸಿ ಗೂಡಿನಲ್ಲಿ ಅದಕ್ಕೂ ವೇಗವಾಗಿ ಓಡದೆ ಗತ್ಯಂತರವಿಲ್ಲ. ಲೇಬಲ್ ಇಲ್ಲದ ಕಾಲದ, ದಿನಕ್ಕೆ ಎರಡು ಯೂನಿಟ್ ನುಂಗುವ ಹಳೆಯ ಯಂತ್ರವಾಗಿದ್ದರೆ ಬದಲಿಸಿ ಎಂದೇ ಹೇಳುತ್ತಿದ್ದೆ.

ಮುಂದೆ ಎಂದಾದರೂ ಕೊಳ್ಳುವಾಗ ನಕ್ಷತ್ರಗಳನ್ನಷ್ಟೇ ಎಣಿಸಬೇಡಿ. ಈ ಲೇಬಲ್ಲುಗಳನ್ನು ನಿಗದಿಪಡಿಸುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇ ನಕ್ಷತ್ರಗಳ ಅಳತೆಗೋಲನ್ನು ಕೆಲವು ವರ್ಷಗಳಿಗೊಮ್ಮೆ ಬಿಗಿಗೊಳಿಸುತ್ತದೆ. ಹಿಂದಿನ ಐದು ನಕ್ಷತ್ರ ಹೊಸ ಅಳತೆಯಲ್ಲಿ ನಾಲ್ಕೋ ಮೂರೋ ಆಗಿರಬಹುದು. ಲೇಬಲ್ಲಿನ ಮೇಲಿರುವ ವರ್ಷವನ್ನು ಮತ್ತು ವಾರ್ಷಿಕ ಯೂನಿಟ್ ಅಂಕಿಯನ್ನು ಓದಿ, ಒಂದೇ ಗಾತ್ರದ ಫ್ರಿಜ್‌ಗಳನ್ನು ಮಾತ್ರ ಹೋಲಿಸಿ. ಹಳೆಯದನ್ನು ವಿನಿಮಯಕ್ಕೆ ಕೊಟ್ಟುಬಿಡಿ. ನೀರಿನ ಬಾಟಲಿಗೆಂದು ಬಾಲ್ಕನಿಯಲ್ಲಿ ಇಟ್ಟುಕೊಂಡರೆ ಹೊಸದು ಉಳಿಸಿದ್ದಕ್ಕಿಂತ ಹೆಚ್ಚನ್ನು ಅದು ಬಿಸಿಲಿನಲ್ಲಿ ನಿಂತು ಖರ್ಚು ಮಾಡುತ್ತದೆ.